ಗಲಗಲಿಯಿಂದ ಬೇಗ ಎದ್ದು ಬಂದದ್ದು

ಬನಹಟ್ಟಿ
5 ಜನವರಿ 2025

ಕಾಂಚನಾ ಮಗಳೇ,

ಅಂತೂ ರನ್ನ ಬೆಳಗಲಿ ಊರಿನ ಹೆಣ್ಣಿನ ಮನೆಯಿಂದಲೂ ಉಪ್ಪಿಟ್ಟು ತಿಂದು ಬರಿಗೈಯಲ್ಲಿ ಬಂದೆ. ಉಪ್ಪಿಟ್ಟು ಮಾತ್ರ ಛಲೋ ಇತ್ತು, ಹುನ್ನೂರಿನವರದಕ್ಕಿಂತ ಶೇಂಗಾ ಹೆಚ್ಚು. ನಲವತ್ತೇಳನೇ ವಯಸ್ಸಿನಲ್ಲಿ ಹೆಣ್ಣು ನೋಡಲು ಹೊರಟವನಿಗೆ ಹೆಣ್ಣು ಸಿಗುತ್ತದೋ ಇಲ್ಲವೋ, ಮೂರು ತಾಲೂಕಿನ ಉಪ್ಪಿಟ್ಟಿನ ರುಚಿಯಂತೂ ಸಿಗುತ್ತದೆ.

ಎಲ್ಲ ಮನೆಗಳಲ್ಲಿ ಆಗುವುದೇ ಅಲ್ಲಿಯೂ ಆಯಿತು. ಮೊದಲು ಮನೆದೇವರು ಯಾವುದು ಎಂದರು. ಸರಿಹೋಯಿತು. ಮಗ್ಗ ಸ್ವಂತದ್ದೋ ಎಂದರು. ಸರಿಹೋಯಿತು. ಆಮೇಲೆ ಮನೆ, ಆಮೇಲೆ ಬಳಗ, ಆಮೇಲೆ ಉಪ್ಪಿಟ್ಟು, ಆಮೇಲೆ ಚಹಾ. ಎಲ್ಲ ಸರಿಹೋಗಿ, ಇನ್ನೇನು ಎನ್ನುವಾಗ ಹೆಣ್ಣಿನ ಸೋದರಮಾವ ನನ್ನ ಎಡಗಡೆ ಬಂದು ಕೂತ. ಕೆಲಸ ಕೆಟ್ಟದ್ದು ಅಲ್ಲಿ. ಹುಡುಗನಿದ್ದಾಗಿನಿಂದ ಮಗ್ಗದ ಖಟಪಟದ ನಡುವೆ ನಿಂತು ನನ್ನ ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿ ಅರ್ಧ ಉಳಿದಿದೆ. ಆತ ಏನೋ ಹೇಳಿದ, ನಾನು ನಕ್ಕೆ. ಮತ್ತೇನೋ ಹೇಳಿದ, ಇನ್ನೂ ಜೋರಾಗಿ ನಕ್ಕೆ. ಅವರ ಅಜ್ಜಿ ಹೋದ ತಿಂಗಳು ತೀರಿಕೊಂಡದ್ದನ್ನು ಹೇಳುತ್ತಿದ್ದನಂತೆ.

ಜೊತೆಗೆ ಬಂದಿದ್ದ ನಿಮ್ಮವ್ವನನ್ನು ಕೇಳಿದರು, “ಹುಡುಗಗ ಕಿವಿ ಕೇಳತಾವೇನ್ರಿ?”

ನನ್ನನ್ನು ಹುಡುಗ ಎನ್ನುವವರು ಹೆಣ್ಣಿನ ಕಡೆಯವರು ಮಾತ್ರ. ನಿಮ್ಮವ್ವ, “ಒಂದಿಷ್ಟು ಕಡಿಮಿ ಅದಾವ್ರಿ,” ಎಂದಳು.

“ಆತು, ಹೇಳಿ ಕಳಸ್ತೇವ್ರಿ.”

ಹೇಳಿ ಕಳಿಸುತ್ತೇವೆ ಎಂದವರು ಇದುವರೆಗೆ ಏನನ್ನೂ ಕಳಿಸಿಲ್ಲ. ದಾರಿಯಲ್ಲಿ ನಿಮ್ಮವ್ವ ಮಾತಾಡಲಿಲ್ಲ. ಮಾತಾಡಿರಲೂಬಹುದು, ಬಸ್ಸಿನಲ್ಲಿ ಎಡಗಡೆ ಕೂತಿದ್ದಳು.

ನಿನ್ನದು ಹೇಳು. ಫೋನು ನನಗೆ ಬರೀ ಜೇನುಹುಳದ ಸದ್ದು. ಮೊಬೈಲಿನಲ್ಲಿ ಬರೆಯೋಣವೆಂದರೆ ನನ್ನ ಬೆರಳು ಒಂದೇ ಸಲಕ್ಕೆ ಮೂರು ಅಕ್ಷರ ಒತ್ತುತ್ತದೆ. ಅದಕ್ಕೇ ಮುಧೋಳದ ಬಸ್ಸಿನ ಕಂಡಕ್ಟರನ ಕೈಯಲ್ಲಿ ಈ ಕಾಗದ. ನೀನು ಬರೆದ ಪ್ರೋಗ್ರಾಮನ್ನು ಯಾರೋ ಹಿರಿಯರು ಬಾಗಿಲೊಳಗೆ ಬಾಗಿಲು ಇದೆ ಎಂದು ವಾಪಸ್ ಕಳಿಸಿದರಂತೆ. ಅದೇನು? ಐದನೇ ಇಯತ್ತೆಗೆ ಸಾಲಿ ಬಿಟ್ಟವನಿಗೆ ತಿಳಿಯುವ ಹಾಗೆ ಬರಿ.

ನಿನ್ನ ಕಾಕಾ,
ಪರಮಾನಂದ


ಮುಧೋಳ
14 ಜನವರಿ 2025

ಪ್ರೀತಿಯ ಕಾಕಾ,

ಕಂಡಕ್ಟರ್ ನಿನ್ನ ಕಾಗದ ಕೊಟ್ಟು, “ನಿಮ್ಮ ಕಾಕಾಗ ಇನ್ನೂ ಕನ್ಯಾ ಸಿಕ್ಕಿಲ್ಲಂತಲ್ರಿ,” ಎಂದ. ಮುಂದಿನ ಸಲ ಲಕೋಟೆಗೆ ಅಂಟು ಹಚ್ಚು.

ನಮ್ಮ ಕೆಲಸ ನಿನಗೆ ಗೊತ್ತಿರುವುದೇ. ಮಗ್ಗದಲ್ಲಿ ಎಳೆ ಹರಿದರೆ ತಾನಾಗಿ ಮಗ್ಗ ನಿಲ್ಲಿಸುವ ಒಂದು ಚಿಕ್ಕ ಪೆಟ್ಟಿಗೆ ಮಾಡುತ್ತಿದ್ದೇವೆ. ಪೆಟ್ಟಿಗೆಯ ಒಳಗೆ ಒಂದು ಪುಟ್ಟ ಕಂಪ್ಯೂಟರ್ ಇದೆ. ಅದರ ಎಲ್ಲ ಕೆಲಸದ ತಳದಲ್ಲಿ ಇರುವ ಪ್ರೋಗ್ರಾಮಿಗೆ ಕರ್ನಲ್ ಎನ್ನುತ್ತಾರೆ. ಅದನ್ನು ಊರೂರಿನ ಜನ ಸೇರಿ ಸಿ ಎನ್ನುವ ಕಂಪ್ಯೂಟರ್ ಭಾಷೆಯಲ್ಲಿ ಬರೆಯುತ್ತಾರೆ. ನನ್ನ ತುಣುಕನ್ನು ಅದರಲ್ಲಿ ಸೇರಿಸಿಕೊಳ್ಳಿ ಎಂದು ನಾನು ಕಾಗದ ಹಾಕಬೇಕು, ಹಿರಿಯರು ಓದಿ ಹೂಂ ಅನ್ನಬೇಕು. ನಾವು ಯಾರೂ ಒಬ್ಬರ ಮುಖ ಒಬ್ಬರು ನೋಡಿಲ್ಲ. ಎಲ್ಲ ಕಾಗದದಲ್ಲೇ, ನಿನ್ನ ನನ್ನ ಹಾಗೆ.

ನಾನು ಬರೆದದ್ದು ಹೀಗಿತ್ತು: ಪೆಟ್ಟಿಗೆ ಚಾಲೂ ಇದ್ದರೆ ಒಳಗೆ ಬಾ. ಅಲ್ಲಿ, ಮಗ್ಗ ಓಡುತ್ತಿದ್ದರೆ ಇನ್ನೂ ಒಳಗೆ ಬಾ. ಅಲ್ಲಿ, ಎಳೆ ಹರಿದಿದ್ದರೆ ಇನ್ನೂ ಒಳಗೆ ಬಾ. ಅಲ್ಲಿ, ಅದು ಬರೀ ಅದುರಾಟ ಅಲ್ಲವಾದರೆ ಮಗ್ಗ ನಿಲ್ಲಿಸು. ಮಾಡಬೇಕಾದ ಒಂದೇ ಕೆಲಸ ಎಲ್ಲಕ್ಕಿಂತ ಒಳಗಿನ ಕೋಣೆಯಲ್ಲಿ ಕೂತಿತ್ತು. ಓದುವವರು ಎಲ್ಲ ಬಾಗಿಲನ್ನೂ ತಲೆಯಲ್ಲಿ ಇಟ್ಟುಕೊಂಡು ಅಲ್ಲಿಗೆ ಹೋಗಬೇಕು.

ಹಿರಿಯರು ಬರೆದರು: ಪ್ರಶ್ನೆಯನ್ನು ತಿರುವಿ ಹಾಕಿ. ಪೆಟ್ಟಿಗೆ ಚಾಲೂ ಇಲ್ಲವೋ, ಅಲ್ಲಿಂದಲೇ ಮರಳಿ. ಮಗ್ಗ ಓಡುತ್ತಿಲ್ಲವೋ, ಮರಳಿ. ಎಳೆ ಹರಿದಿಲ್ಲವೋ, ಮರಳಿ. ಬರೀ ಅದುರಾಟವೋ, ಮರಳಿ. ಇಷ್ಟಾದ ಮೇಲೆ ಉಳಿದದ್ದು ನೆಟ್ಟಗಿನ ದಾರಿ, ನಡುವೆ ಬಾಗಿಲಿಲ್ಲ. ಇನ್ನೊಂದು ಮಾತೂ ಬರೆದರು. ಪೆಟ್ಟಿಗೆಗೆ ಮಗ್ಗದಿಂದ ಸುದ್ದಿ ಬರುತ್ತಲೇ ಇರುತ್ತದೆ, ಹೆಚ್ಚಿನ ಸಲ ಮಾಡುವುದೇನೂ ಇರುವುದಿಲ್ಲ. ಆದ್ದರಿಂದ ಯಾವ ಪ್ರಶ್ನೆಗೆ ಇಲ್ಲ ಎನ್ನುವ ಉತ್ತರ ಹೆಚ್ಚು ಸಲ ಬರುತ್ತದೋ, ಕೇಳಲು ಸುಲಭವೋ, ಅದನ್ನು ಮೊದಲು ಕೇಳಿ.

ಖರೆ ಹೇಳಬೇಕೆಂದರೆ ಹೇಗೆ ಬರೆದರೂ ಯಂತ್ರಕ್ಕೆ ಅಂಥ ವ್ಯತ್ಯಾಸವಿಲ್ಲ, ಅದು ತನಗೆ ಬೇಕಾದಂತೆ ನೆಟ್ಟಗೆ ಮಾಡಿಕೊಳ್ಳುತ್ತದೆ. ದಣಿಯುವುದು ಓದುವವರು.

ನಿನ್ನ ಉಪ್ಪಿಟ್ಟಿನ ಕಥೆ ಓದಿ ನನಗೆ ನನ್ನ ಪ್ರೋಗ್ರಾಮೇ ಕಂಡಿತು ಕಾಕಾ. ಕಿವಿಯ ಪ್ರಶ್ನೆ ಎಲ್ಲಕ್ಕಿಂತ ಒಳಗಿನ ಕೋಣೆಯಲ್ಲಿ ಕೂತಿದೆ.

ನಿನ್ನ,
ಕಾಂಚನಾ


ಬನಹಟ್ಟಿ
3 ಫೆಬ್ರವರಿ 2025

ಕಾಂಚನಾ ಮಗಳೇ,

ನಿಮ್ಮ ಹಿರಿಯರಿಗೆ ನನ್ನ ನಮಸ್ಕಾರ ತಿಳಿಸು. ನಿನ್ನೆ ಒಂದೇ ರವಿವಾರದಲ್ಲಿ ಮೂರು ಮನೆ ಮುಗಿಸಿದೆ. ಹಳೆಯ ಲೆಕ್ಕದಲ್ಲಿ ಇದಕ್ಕೆ ಮೂರು ತಿಂಗಳು ಬೇಕಿತ್ತು. ನಿಮ್ಮವ್ವನನ್ನು ಕರೆದುಕೊಂಡು ಹೋಗಲಿಲ್ಲ, ಅವಳು ಬಂದರೆ ಬಾಗಿಲಲ್ಲಿ ನಿಲ್ಲಲು ಬಿಡುವುದಿಲ್ಲ.

ಮೊದಲು ರಬಕವಿ. ಯಜಮಾನರು ಹೊರಗೆ ಬಂದರು. ಚಪ್ಪಲಿ ಬಿಡದೆ ಹೇಳಿದೆ, “ಯಜಮಾನ್ರ, ನನ್ನ ಎಡಗಿವಿ ಹೋಗೇತಿ, ಬಲಗಿವಿ ಅರ್ಧ ಐತಿ. ನಡೀತೈತಿ ಅಂದ್ರ ಒಳಗ ಬರತೇನಿ, ಇಲ್ಲಾಂದ್ರ ಇಲ್ಲಿಂದನ ಹೊಂಡತೇನಿ.”

“ಒಳಗ ಬಂದು ನೀರರೆ ಕುಡೀರಿ.”

“ನೀರು ಆಮ್ಯಾಲ. ಮೊದಲ ಕಿವಿದು ಹೇಳ್ರಿ.”

“ಹಂಗ ಬಾಗಲದಾಗ ನಿಂತು ಹೇಳೂದು ಚಂದ ಅಲ್ರಿ.”

“ಚಂದ ಬ್ಯಾಡ್ರಿ, ಖರೆ ಹೇಳ್ರಿ.”

ಅವರು ಆ ಕಡೆ ಈ ಕಡೆ ನೋಡಿ, “ಖರೆ ಅಂದ್ರ ನಡ್ಯಂಗಿಲ್ರಿ,” ಎಂದರು. ಕೈಮುಗಿದು ಭಾಳ ಉಪಕಾರ ಆತ್ರಿ ಎಂದೆ. ಅವರಿಗೂ ಎಷ್ಟು ಹಗುರಾಯಿತೆಂದರೆ ಬಸ್ ಸ್ಟ್ಯಾಂಡಿನವರೆಗೆ ಬಂದು ಚಹಾ ಕುಡಿಸಿ ಕಳಿಸಿದರು. ಹೆಣ್ಣು ಕೊಡದೆ ಗೆಳೆಯರಾದವರು ಇವರೊಬ್ಬರೇ.

ಆಮೇಲೆ ಜಮಖಂಡಿ. ಬಾಗಿಲು ತೆಗೆದವರು ಹೆಣ್ಣಿನ ಅಜ್ಜ. “ನನಗ ಕಿವಿ ಕೇಳಂಗಿಲ್ರಿ,” ಎಂದೆ. “ನನಗೂ ಕೇಳಂಗಿಲ್ಲ, ಜೋರಲೇ ಹೇಳು,” ಎಂದರು. ಇಬ್ಬರೂ ಕೂಗಿ ಕೂಗಿ ಓಣಿ ಕೂಡಿತು. ಜಗಳ ಬಿಡಿಸಲು ಬಂದ ಪಕ್ಕದ ಮನೆಯ ಹೆಣ್ಣುಮಗಳು ನನ್ನ ಬಲಗಿವಿಗೆ ಬಾಯಿಟ್ಟು ಹೇಳಿದಳು, ಆ ಹುಡುಗಿಗೆ ಹೋದ ವಾರವೇ ಬೇರೆ ಕಡೆ ನಿಶ್ಚಯವಾಗಿದೆಯಂತೆ. ಅಜ್ಜನಿಗೆ ಅದನ್ನು ಇನ್ನೂ ಯಾರೂ ಕೇಳಿಸುವ ಹಾಗೆ ಹೇಳಿರಲಿಲ್ಲ.

ಆಮೇಲೆ ಗಲಗಲಿ. ಅದೂ ಮುಗಿಯಿತು. ಕೃಷ್ಣೆಯಲ್ಲಿ ನೀರು ಚೆನ್ನಾಗಿದೆ. ದಂಡೆಯಲ್ಲಿ ಸ್ವಲ್ಪ ಹೊತ್ತು ಕೂತು, ಬಸ್ಸು ಹಿಡಿದು, ಊಟದ ಹೊತ್ತಿಗೆ ಮನೆಗೆ ಬಂದೆ. ನಿಮ್ಮವ್ವ ನನ್ನ ಚೀಲದಲ್ಲಿ ತೆಂಗಿನಕಾಯಿ ನೋಡಿ ಏನೋ ಅಂದಳು, ಎಡಗಡೆಯಿಂದ. ನಾನು ಕೇಳಲು ಹೋಗಲಿಲ್ಲ.

ನಿನ್ನದು ಹಿರಿಯರು ಒಪ್ಪಿದರೇ?

ನಿನ್ನ ಕಾಕಾ,
ಪರಮಾನಂದ


ಮುಧೋಳ
20 ಫೆಬ್ರವರಿ 2025

ಪ್ರೀತಿಯ ಕಾಕಾ,

ಒಪ್ಪಲಿಲ್ಲ. ತಪ್ಪು ನನ್ನದೇ. ಬೇಗ ಮರಳುವುದು ಕಲಿತ ಖುಷಿಯಲ್ಲಿ ಕಂಡಕಂಡಲ್ಲೆಲ್ಲ ಮರಳಿಬಿಟ್ಟೆ. ನೋಡಲು ಎಷ್ಟು ಚೆಂದವಾಗಿತ್ತೆಂದರೆ ಹಿರಿಯರೂ ಮೊದಲು ಚೆನ್ನಾಗಿದೆ ಎಂದಿದ್ದರು. ನಾವು ಒಂದು ಮಗ್ಗಕ್ಕೆ ಪೆಟ್ಟಿಗೆ ಕೂರಿಸಿ ನೋಡಿದೆವು. ಪೆಟ್ಟಿಗೆ ಸ್ವಲ್ಪ ಹೊತ್ತು ಕೆಲಸ ಮಾಡಿತು, ಆಮೇಲೆ ಸುಮ್ಮನಾಯಿತು. ತಪ್ಪಾಗಿದೆ ಎಂದೂ ಹೇಳಲಿಲ್ಲ, ಸದ್ದೂ ಮಾಡಲಿಲ್ಲ. ಎಳೆ ಹರಿದರೂ ಮಗ್ಗ ನಿಲ್ಲಲಿಲ್ಲ.

ಎರಡು ದಿನ ಹುಡುಕಿದೆವು. ಪ್ರೋಗ್ರಾಮಿನ ಒಂದು ಜಾಗದಲ್ಲಿ ಒಂದು ಸಲಕ್ಕೆ ಒಬ್ಬರೇ ಇರಬೇಕು ಎನ್ನುವಾಗ ನಾವು ಕೀಲಿ ಹಾಕುತ್ತೇವೆ. ಒಳಗೆ ಹೋದವರ ಕೈಯಲ್ಲಿ ಕೀಲಿ, ಅವರು ಬಂದು ಅದನ್ನು ಇಡುವವರೆಗೆ ಉಳಿದವರು ಬಾಗಿಲಲ್ಲಿ ಕಾಯಬೇಕು. ನಾನು ಕೀಲಿ ತೆಗೆದುಕೊಂಡ ಮೇಲೆ ಒಂದು ಪ್ರಶ್ನೆ ಕೇಳಿ, ಉತ್ತರ ಇಲ್ಲ ಎಂದಾಗ, ಅದೇ ಖುಷಿಯಲ್ಲಿ ಅಲ್ಲಿಂದ ಮರಳಿದ್ದೆ. ಕೀಲಿ ಕೈಯಲ್ಲೇ ಇತ್ತು. ಹಿಂದೆ ಬಂದವರೆಲ್ಲ ಬಾಗಿಲಲ್ಲಿ ನಿಂತೇ ಉಳಿದರು.

ಹಿರಿಯರು ಬೈಯಲಿಲ್ಲ. ಕೀಲಿ ತೆಗೆದುಕೊಳ್ಳುವ ಮೊದಲು ಎಲ್ಲಿಂದ ಬೇಕಾದರೂ ಮರಳಿ. ತೆಗೆದುಕೊಂಡ ಮೇಲೆ ಎಲ್ಲ ದಾರಿಗಳೂ ಕೆಳಗಿನ ಒಂದೇ ಬಾಗಿಲಿಗೆ ಬರಲಿ, ಅಲ್ಲಿ ಕೀಲಿ ಇಟ್ಟು ಹೊರಡಿ, ಎಂದರು. ಈಗ ಹಾಗೆ ಬರೆಯುತ್ತಿದ್ದೇನೆ.

ಕಾಕಾ, ಅವ್ವ ಫೋನು ಮಾಡಿದ್ದಳು. ನಮ್ಮ ಮಂದಿಯಲ್ಲಿ ಹೆಣ್ಣಿನವರು ತಟ್ಟೆಯಲ್ಲಿ ಇಟ್ಟ ಕಾಯಿಯನ್ನು ಗಂಡಿನವರು ತೆಗೆದುಕೊಂಡರೆ ಮಾತು ಹಿಡಿದ ಹಾಗೆ, ಬೇಡವೆಂದರೆ ಕಾಯಿ ವಾಪಸ್ ಇಟ್ಟು ಏಳಬೇಕು ಎಂದು ನೀನೇ ನನಗೆ ಹೇಳಿದವನು. ಗಲಗಲಿಯವರ ಕಾಯಿ ನಮ್ಮ ದೇವರ ಮಾಡದಲ್ಲಿ ಕೂತಿದೆ. ಅವರ ಮನೆಗೆ ಬಿಜಾಪುರದ ಕಡೆಯಿಂದ ಬೇರೆಯವರು ಬರುತ್ತೇವೆ ಎಂದರಂತೆ. ಬನಹಟ್ಟಿಯವರ ಕೈಯಲ್ಲಿ ನಮ್ಮ ಕಾಯಿ ಇದೆ, ಈಗ ಬರಬೇಡಿ ಎಂದು ಹೇಳಿ ಕಳಿಸಿದ್ದಾರೆ. ಅವರು ಕಾಯುತ್ತಿದ್ದಾರೆ ಕಾಕಾ.

ರಬಕವಿಯದು ಬರೆದೆ, ಜಮಖಂಡಿಯದು ಬರೆದೆ. ಗಲಗಲಿಯದು ಬರೆಯುವಲ್ಲಿ ನದಿಯ ನೀರು ಬರೆದಿದ್ದೀಯ. ಅಲ್ಲಿ ಏನೆಂದರು?

ನಿನ್ನ,
ಕಾಂಚನಾ


ಬನಹಟ್ಟಿ
24 ಫೆಬ್ರವರಿ 2025

ಕಾಂಚನಾ,

ಅಲ್ಲಿ ಅವರು ಏನೂ ಅನ್ನಲಿಲ್ಲ.

ಆ ಹೆಣ್ಣುಮಗಳ ಹೆಸರು ರಂಜನಾ. ನಲವತ್ತೊಂದು ವರ್ಷ. ಮನೆಗೆ ಹೊಂದಿದ ಹಿಟ್ಟಿನ ಗಿರಣಿ ಇದೆ, ಅದನ್ನು ಅವಳೇ ನಡೆಸುತ್ತಾಳೆ. ನಾನು ಬಾಗಿಲಲ್ಲಿ ನಿಂತು ಕಿವಿಯ ಮಾತು ಹೇಳಿದೆ. ಅವಳ ಅಣ್ಣ ಚನಮಲ್ಲಪ್ಪ ಒಳಗೆ ನೋಡಿದ. ಅತ್ತಿಗೆ ತಟ್ಟೆಯಲ್ಲಿ ಎಲೆ, ಅಡಿಕೆ, ಕಾಯಿ ತಂದಳು. ನಾನು ತೆಗೆದುಕೊಂಡೆ. ಕೈ ತಾನಾಗಿ ಹೋಯಿತು, ಇಷ್ಟು ಮನೆ ತಿರುಗಿದರೂ ನನಗೆ ಕಾಯಿ ಕೊಟ್ಟವರು ಯಾರೂ ಇರಲಿಲ್ಲ.

ಆಗ ಅವಳು ಬಂದು ಚೌಕಟ್ಟಿಗೆ ಒರಗಿ ನಿಂತಳು. ಮೊಣಕೈವರೆಗೆ ಹಿಟ್ಟು. ನನ್ನನ್ನು ನೆಟ್ಟಗೆ ನೋಡಿದಳು. ತುಟಿ ಬಿಗಿಯಾಗಿ ಮುಚ್ಚಿದ್ದವು. ನಾನು ಕಾದೆ. ತುಟಿ ಅಲುಗಲಿಲ್ಲ. ಮಗ್ಗದವರು ತುಟಿ ನೋಡಿಯೇ ಮಾತು ತಿಳಿಯುವವರು, ಅಲುಗಿದ್ದರೆ ನನಗೆ ಗೊತ್ತಾಗುತ್ತಿತ್ತು. ಅಣ್ಣ ಕೆಳಗೆ ನೋಡುತ್ತಿದ್ದ. “ಬರತೇನ್ರಿ,” ಎಂದು ಹೊರಟುಬಂದೆ. ಹಿಂದಿನಿಂದ ಯಾರಾದರೂ ಕರೆದರೋ ಗೊತ್ತಿಲ್ಲ. ಕರೆದಿದ್ದರೂ ನನಗೆ ಹೇಗೆ ಗೊತ್ತಾಗಬೇಕು.

ಬಾಕಿ ಎರಡು ಮನೆಯಲ್ಲಿ ಅವರು ಬೇಗ ಇಲ್ಲ ಅನ್ನಲಿ ಎಂದು ಕಾದಿದ್ದೆ. ಗಲಗಲಿಯಲ್ಲಿ ಆ ಇಲ್ಲ ಕೇಳಲು ಮನಸ್ಸಾಗಲಿಲ್ಲ. ಅಷ್ಟೇ.

ನಮ್ಮ ಮಗ್ಗದ ಈರಪ್ಪ ನಾಡಿದ್ದು ಆ ಕಡೆ ಹೋಗುತ್ತಾನೆ. ಅವನ ಕೈಯಲ್ಲಿ ಕಾಯಿ ಕೊಟ್ಟು ಕಳಿಸಲೇ?

ಪರಮಾನಂದ ಕಾಕಾ


ಮುಧೋಳ
25 ಫೆಬ್ರವರಿ 2025

ಕಾಕಾ,

ಈರಪ್ಪನ ಕೈಯಲ್ಲಿ ಬೇಡ. ನಮ್ಮಲ್ಲಿ ಕೀಲಿ ತೆಗೆದುಕೊಂಡವರೇ ಅದನ್ನು ಇಡಬೇಕು, ಬೇರೆಯವರು ಇಟ್ಟರೆ ನಡೆಯುವುದಿಲ್ಲ. ಕಾಯಿಯ ನಿಯಮವೂ ಅದೇ ಇರಬೇಕು.

ಇನ್ನೊಂದು. ಉತ್ತರ ನೋಡಿ ಮರಳುವುದು ಬೇರೆ. ನೀನು ಪ್ರಶ್ನೆ ಕೇಳಿ, ಉತ್ತರ ಬರುವ ಮೊದಲೇ ಮರಳಿದ್ದೀಯ. ಹಾಗೆ ಯಾರೂ ನಿನಗೆ ಕಲಿಸಿಲ್ಲ, ನಾನಂತೂ ಕಲಿಸಿಲ್ಲ. ಕಿವಿಯ ಮಾತು ಕೇಳಿದ ಮೇಲೂ ಅವರು ಕಾಯಿ ತಂದರು ಎನ್ನುವುದನ್ನು ನೀನೇ ಬರೆದಿದ್ದೀಯ. ನಿನ್ನ ಕಾಗದವನ್ನು ನೀನೇ ಇನ್ನೊಮ್ಮೆ ಓದು.

ನೀನೇ ಹೋಗು. ಈ ಸಲ ಕೂತುಕೋ. ಉಪ್ಪಿಟ್ಟು ಕೊಟ್ಟರೆ ತಿನ್ನು.

ನನ್ನದು ಇಂದು ಒಪ್ಪಿಗೆಯಾಯಿತು. ಹಿರಿಯರು ಬರೆದದ್ದು ಎರಡೇ ಪದ, “ಸೇರಿಸಿಕೊಂಡೆ, ಧನ್ಯವಾದ.” ಇಲ್ಲಿ ಎಲ್ಲರೂ ಪೇಢೆ ತಿಂದೆವು. ಕಂಡಕ್ಟರನಿಗೂ ಒಂದು ಕೊಟ್ಟು ಈ ಕಾಗದ ಕಳಿಸುತ್ತಿದ್ದೇನೆ. ಅವನೂ ನೀನು ಹೋಗಬೇಕೆಂದೇ ಹೇಳುತ್ತಾನೆ.

ಕಾಂಚನಾ


ಗಲಗಲಿ
2 ಮಾರ್ಚ್ 2025

ಕಾಂಚನಾ ಮಗಳೇ,

ಊರಿನ ಹೆಸರು ನೋಡಿದೆಯಲ್ಲ. ಗಿರಣಿಯ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಕಾಗದದ ಮೇಲೆ ಬಿಳಿಯ ಪುಡಿ ಇದ್ದರೆ ಝಾಡಿಸಿಕೋ, ಜೋಳದ ಹಿಟ್ಟು.

ನಿನ್ನ ಕಾಗದ ಬಂದ ಮೇಲೂ ನಾಲ್ಕು ದಿನ ಕಾಯಿಯನ್ನು ನೋಡುತ್ತ ಕೂತಿದ್ದೆ. ಇವತ್ತು ಮುಂಜಾನೆ ನಿಮ್ಮವ್ವ ಅದನ್ನು ಚೀಲಕ್ಕೆ ಹಾಕಿ, ಚೀಲವನ್ನು ನನ್ನ ಹೆಗಲಿಗೆ ಹಾಕಿ, ನನ್ನನ್ನು ಬಾಗಿಲ ಹೊರಗೆ ಹಾಕಿದಳು. ಬಲಗಿವಿಯ ಕಡೆ ಬಂದು, “ಖಾಲಿ ಚೀಲ ತಗೊಂಡು ಬಾ, ಇಲ್ಲಾ ಬರಬ್ಯಾಡ,” ಎಂದಳು.

ಇಲ್ಲಿ ಬಂದಾಗ ಗಿರಣಿ ಓಡುತ್ತಿತ್ತು. ಚನಮಲ್ಲಪ್ಪ ಹೊಲಕ್ಕೆ ಹೋಗಿದ್ದ. ಒಳಗೆ ಕಾಲಿಟ್ಟೆ. ನಿನಗೆ ಹೇಗೆ ಹೇಳಲಿ, ನಮ್ಮ ಮಗ್ಗದ ಮನೆಯಲ್ಲಿ ನಿಂತ ಹಾಗೇ ಅನಿಸಿತು. ನೆಲ ಅದುರುತ್ತಿತ್ತು. ರಂಜನಾ ನನ್ನನ್ನು ನೋಡಿದಳು, ನೋಡಿದವಳೇ ಬಾಯಿ ತೆರೆದಳು.

“ಕಾಯಿ ತಂದೀರೇನು?”

ಮಗಳೇ, ಪ್ರತಿ ಅಕ್ಷರ ಕೇಳಿಸಿತು. ಗಿರಣಿಯ ಸದ್ದಿನ ಮೇಲೆ, ಬಾಗಿಲಲ್ಲಿ ನಿಂತವನಿಗೆ, ತುಟಿ ನೋಡುವ ಮೊದಲೇ. ಅಂಥ ದನಿಯನ್ನು ನಾನು ಹುಡುಗನಾಗಿದ್ದಾಗ ಕೇಳಿದ್ದೇ ಕಡೆ. ಎಷ್ಟು ಬೆರಗಾಯಿತೆಂದರೆ ಉತ್ತರ ಕೊಡುವುದನ್ನೇ ಮರೆತೆ.

“ನಿಮಗ ಕೇಳತಾನ ಇಲ್ಲೇನು?” ಎಂದಳು, ಇನ್ನೂ ಜೋರಾಗಿ.

“ಕೇಳತೈತಿ, ಕೇಳತೈತಿ,” ಎಂದೆ. “ಅವತ್ಯಾಕ ಮಾತಾಡಲಿಲ್ಲ ನೀವು?”

ಅವಳು ಗಿರಣಿಯ ಬಾಯಿಗೆ ಜೋಳ ಸುರಿಯುತ್ತಲೇ ಹೇಳಿದಳು, “ಎಲ್ಲಿಂದ ಮಾತಾಡ್ಲಿ? ಯಾರರೆ ನೋಡಾಕ ಬಂದ್ರ ನಮ್ಮಣ್ಣ ಬಾಯಿ ಮುಚಗೊಂಡು ನಿಂದ್ರು ಅಂತಾನ. ನನ್ನ ದನಿ ಕೇಳಿದ್ರ ಮಂದಿ ಎದ್ದು ಹೋಗತಾರಂತ. ಇಪ್ಪತ್ತು ವರ್ಷಾತು, ಎಲ್ಲಾರೂ ಎದ್ದು ಹೋಗ್ಯಾರ. ಅವತ್ತ ಹಲ್ಲು ಕಚ್ಚಿ ಸುಮ್ಮ ನಿಂತೆ. ನೀವೂ ಎದ್ದು ಹೋದ್ರಿ.”

“ನೀವು ಸುಮ್ಮನಿದ್ದದ್ದಕ್ಕ ನಾ ಹೋದೆ.”

“ಆಮ್ಯಾಲ ಕರದ್ನಲ್ಲ, ಓಣಿ ಮಂದಿಗೆಲ್ಲಾ ಕೇಳಿಸೇತಿ. ನೀವು ತಿರುಗಿ ನೋಡಲಿಲ್ಲ.”

“ಯಾವ ಕಡಿಂದ ಕರದ್ರಿ?”

ಅವಳು ನೆನಪು ಮಾಡಿಕೊಂಡು ಎಡಗೈ ಎತ್ತಿ ತೋರಿಸಿದಳು. ಇಬ್ಬರೂ ನಕ್ಕೆವು. ನಾನು ನಕ್ಕದ್ದು ನನಗೇ ಕೇಳಿಸಿತು.

ಆಮೇಲೆ ಅವಳು ಗಿರಣಿ ನಿಲ್ಲಿಸಿದಳು. ಸದ್ದು ಇಳಿದ ಮೇಲೂ ಅವಳ ದನಿ ಇಳಿಯಲಿಲ್ಲ. “ನನ್ನದೂ ಒಂದು ಮಾತೈತಿ, ಮೊದಲ ಹೇಳತೇನಿ,” ಎಂದಳು. “ಗಿರಣಿ ಬಿಡಂಗಿಲ್ಲ. ಲಗ್ನಾಗಿ ಬನಹಟ್ಟಿಯೊಳಗ ಕುಂದ್ರು ಅಂದ್ರ ಆಗಂಗಿಲ್ಲ. ನಡಿಯಂಗಿಲ್ಲ ಅಂದ್ರ ಕಾಯಿ ಅಲ್ಲೆ ಕಟ್ಟಿ ಮ್ಯಾಲಿಟ್ಟು ಹೊಂಡ್ರಿ, ನಾ ಏನೂ ಅನ್ನಂಗಿಲ್ಲ.”

ಇದು ನನಗೆ ಗೊತ್ತಿರದ ಪ್ರಶ್ನೆ. ಹಳೆಯ ಪರಮಾನಂದ ಒಂದು ನಗೆಮಾತು ಎಸೆದು ಹೊರಡುತ್ತಿದ್ದ. ಕಾಲು ತಾನಾಗಿ ಬಾಗಿಲ ಕಡೆ ತಿರುಗಿತು ಕೂಡ. ಅಷ್ಟರಲ್ಲಿ ನಿನ್ನ ಕಾಗದ ನೆನಪಾಗಿ ಪಕ್ಕದ ಚೀಲದ ಮೇಲೆ ಕೂತುಬಿಟ್ಟೆ. ಅದು ಯಾರದೋ ಗೋದಿಯಂತೆ, ಅವಳು ಏಳಿಸಿ ಬೇರೆ ಚೀಲದ ಮೇಲೆ ಕೂರಿಸಿದಳು.

ಕೂತು ಯೋಚಿಸಿದೆ. ನನ್ನ ಮಗ್ಗ ನಾಲ್ಕು. ಇಲ್ಲಿ ಗಿರಣಿಯ ಹಿಂದೆ ಪತ್ರಾಸಿನ, ಅಂದರೆ ತಗಡಿನ, ಒಂದು ಮನೆ ಖಾಲಿ ಇದೆ, ಕರೆಂಟು ಇದೆ. ಎರಡು ಮಗ್ಗ ಈರಪ್ಪ ನೋಡಿಕೊಂಡರೆ ಎರಡನ್ನು ಇಲ್ಲಿಗೆ ತರಬಹುದು. ನೂಲು ತರುವುದು ಹೇಗೆ ಎಂದು ಇನ್ನೂ ತಿಳಿಯದು. ಅದನ್ನೇ ಹೇಳಿದೆ, “ಎಲ್ಲಾ ಗೊತ್ತಿಲ್ರಿ. ಆದ್ರ ಗಿರಣಿ ಇರಲಿ. ನಾನ ಬರತೇನಿ.”

ಅವಳು ಮತ್ತೆ ಸುಮ್ಮನಾದಳು. ಈ ಸಲ ನಾನು ಏಳಲಿಲ್ಲ.

ಆಮೇಲೆ ನನ್ನ ಕೈಯಿಂದ ಕಾಯಿ ತೆಗೆದುಕೊಂಡು ಗಿರಣಿಯ ಮೆಟ್ಟಿಲಿಗೆ ಒಂದೇ ಏಟು. “ಇನ್ನ ಇದನ್ನ ಯಾರೂ ವಾಪಸ್ ತರೂದು ಬ್ಯಾಡ,” ಎಂದಳು. ಕಾಯಿಯ ನೀರು ನನ್ನ ಚಪ್ಪಲಿ ಮೇಲೆ ಹೋಯಿತು.

ಚನಮಲ್ಲಪ್ಪ ಓಡುತ್ತ ಬಂದ. ತಂಗಿಯ ದನಿ ಹೊಲದವರೆಗೆ ಕೇಳಿ, ಯಾರೋ ಬಂದಿದ್ದಾರೆ, ಇವಳು ಬಾಯಿ ತೆಗೆದಿದ್ದಾಳೆ, ಇದೂ ಕೆಟ್ಟಿತು ಎಂದುಕೊಂಡು ಬಂದಿದ್ದನಂತೆ. ಬಾಗಿಲಲ್ಲಿ ನಿಂತು ಒಡೆದ ಕಾಯಿ ನೋಡಿದ, ನನ್ನನ್ನು ನೋಡಿದ. ಮೆಲ್ಲಗೆ ಏನೋ ಅಂದ. ನನಗೆ ಕೇಳಿಸಲಿಲ್ಲ.

“ಏನಂದ್ರು ಅಣ್ಣಾರು?” ಎಂದು ರಂಜನಾಳನ್ನು ಕೇಳಿದೆ.

“ನನ್ನ ದನಿಗೆ ನಿಮಗ ತ್ರಾಸ ಆಗಂಗಿಲ್ಲೇನ್ರಿ ಅಂತ ಕೇಳತಾನ.”

“ಇನ್ನೊಂದೀಟು ಜೋರಾದ್ರ ಛಲೋ ಅಂತ ಹೇಳ್ರಿ ಅವರಿಗೆ,” ಎಂದೆ. ಚನಮಲ್ಲಪ್ಪ ಅಲ್ಲೇ ಕಟ್ಟೆಯ ಮೇಲೆ ಕೂತು ರುಮಾಲಿನಿಂದ ಮುಖ ಒರೆಸಿಕೊಂಡ. ಬೆವರು ಒರೆಸಿಕೊಂಡನೋ ಏನೋ, ನಾನು ನೋಡಲಿಲ್ಲ.

ನಿಮ್ಮವ್ವನಿಗೆ ಇನ್ನೂ ಗೊತ್ತಿಲ್ಲ. ನೀನು ಫೋನು ಮಾಡಿ ಹೇಳು, ಚೀಲ ಖಾಲಿಯಾಗಿದೆ ಎಂದು. ನಿಮ್ಮ ಪೆಟ್ಟಿಗೆ ಮಾರಾಟಕ್ಕೆ ಬಂದರೆ ಮೊದಲನೆಯದನ್ನು ಗಲಗಲಿಯ ಮಗ್ಗಕ್ಕೆ ಹಾಕೋಣ. ಇನ್ನೂ ಬರೆಯುವುದು ಬಹಳ ಇತ್ತು, ಮುಹೂರ್ತದ ವಿಷಯ, ನೂಲಿನ ವಿಷಯ, ನೀನು ಎಂದು ಬರುತ್ತೀ ಎನ್ನುವುದು. ಆದರೆ ಒಳಗಿನಿಂದ ಊಟಕ್ಕೆ ಕರೆಯುತ್ತಿದ್ದಾಳೆ. ಎರಡು ಗೋಡೆ ದಾಟಿ, ಎಡಗಡೆಯಿಂದ ಕರೆದರೂ, ಕಾದು ಕೂತಿದ್ದ ಬಲಗಿವಿಗೆ ಮೊದಲನೇ ಸಲಕ್ಕೇ ಕೇಳಿಸಿತು. ಏಳುತ್ತೇನೆ.

ನಿನ್ನ ಕಾಕಾ,
ಪರಮಾನಂದ